ಅಬು ಗಸ್ಸಾನನ ಮನೆಯ ಕೆಳಗಿನ ಬಂಡೆ

ನೀರಿನ ಟ್ಯಾಂಕರು ಅರ್ಧ ಬೆಟ್ಟ ಹತ್ತಿ ಹಿಂದಕ್ಕೆ ಹೋಯಿತೆಂಬ ಸುದ್ದಿ ಬಂದಾಗ ಸಾರ್ಜಂಟ್ ಎಲಿಕೆಮ್ ತಮಾಕ್ಲೊ ಕಾವಲು ಗೋಪುರದಿಂದ ಆಗಷ್ಟೇ ಇಳಿದು, ತಗಡಿನ ಲೋಟದಲ್ಲಿ ಚಹಾ ಹಿಡಿದು ನಿಂತಿದ್ದ. ಐನ್ ತೂತ್ ಹಳ್ಳಿಯವರು ಯಾರೋ ದಾರಿಗೆ ಅಡ್ಡವಾಗಿ ಟ್ರ್ಯಾಕ್ಟರ್ ನಿಲ್ಲಿಸಿದ್ದಾರಂತೆ. ಶಾಂತಿಪಡೆಯ ಗಾಡಿ ಒಂದೂ ಮೇಲೆ ಹೋಗಕೂಡದಂತೆ. ದಕ್ಷಿಣ ಲೆಬನಾನಿನ ಆ ಬೆಟ್ಟಗಳಲ್ಲಿ ಇದೇನು ಹೊಸದಲ್ಲ. ಠಾಣೆಯಲ್ಲಿದ್ದ ಘಾನಾದ ಹುಡುಗರು ಇಂಥದ್ದನ್ನು ನೋಡಿದ್ದರು. ಯಾರದೋ ಆಲಿವ್ ಗಿಡಕ್ಕೆ ಗಾಡಿ ತಗುಲಿರುತ್ತದೆ, ಯಾರೋ ಕೇಳದೆ ಫೋಟೋ ತೆಗೆದಿರುತ್ತಾರೆ, ಊರಿನವರು ಅರ್ಧ ದಿನ ಕೂಗಾಡಿ ದಾರಿ ಬಿಡುತ್ತಾರೆ. ಎಲಿಕೆಮ್ ಚಹಾ ಮುಗಿಸಿ ಲೋಟ ತೊಳೆಯಲು ಹೋದ. ತೊಳೆಯಲು ನೀರು ಸುರಿಯುವಷ್ಟರಲ್ಲಿ ಅಡುಗೆಯ ಅಪ್ರಾಕು ಓಡಿಬಂದು ಅವನ ಕೈ ಹಿಡಿದ.

"ಸಾರ್ಜ್, ನೀರು ಮುಟ್ಟಬೇಡಿ. ಇದ್ದಬದ್ದ ನೀರೆಲ್ಲ ಬಾಂಕು ಮುದ್ದೆ ತಿರುವೋಕೆ ಬೇಕು. ಅಲ್ಲಾ, ನೀವು ಅದೇನ್ ಮಾಡಿಟ್ರಿ ಮಾರಾಯ್ರೆ?"

"ನಾನಾ? ನಾನೇನ್ ಮಾಡ್ದೆ?"

"ಕೆಳಗೆ ಟ್ರ್ಯಾಕ್ಟರ್ ಮೇಲೆ ಕೂತಿರೋ ಯಜಮಾನ ನಿಮ್ಮನ್ನೇ ದೂರ್ತಿದಾನಂತೆ. ಹೆಸ್ರು ಗೊತ್ತಿಲ್ಲ, ಗುರುತು ಹೇಳ್ತಿದಾನೆ. 'ಬೆಳಗ್ಗೆ ಗೋಪುರದ ಮೇಲೆ ನಿಲ್ತಾನಲ್ಲ, ಆ ಉದ್ದನೆಯವನು' ಅಂತ. ನಮ್ಮಲ್ಲಿ ನಿಮ್ಮಷ್ಟು ಉದ್ದ ಇನ್ಯಾರಿದಾರೆ? ನಾನು ಗೋಪುರದ ಮೇಲೆ ನಿಂತ್ರೆ ಮರಳಿನ ಚೀಲದ ಮೇಲೆ ತಲೆನೂ ಕಾಣಲ್ಲ."

ಎಲಿಕೆಮ್ ಲೋಟವನ್ನು ಹಾಗೇ ಕೆಳಗಿಟ್ಟ. 

ಇನ್ನೊಬ್ಬರ ಮನೆಯೊಳಗೆ ಇಣುಕುವ ಜಾಯಮಾನ ಅವನದಾಗಿರಲಿಲ್ಲ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹಿನ್ನೀರು, ನಡುವಿನ ಮರಳಪಟ್ಟಿಯ ಮೇಲೆ ಒತ್ತೊತ್ತಾಗಿ ಮನೆಗಳಿರುವ ಘಾನಾದ ಕೇಟಾ ಊರಿನಲ್ಲಿ ಹುಟ್ಟಿದವನು. ತಾಯಿ ಮೀನು ಹೊಗೆಯಾಡಿಸಿ ಮಾರುತ್ತಿದ್ದಳು. ಪಕ್ಕದ ಮನೆಯ ಜಗಳ ಕೇಳಿಸಿದರೂ ಕೇಳಿಸದವರಂತೆ ಇರಬೇಕೆಂದು ಅವಳು ಕಲಿಸಿದ್ದಳು. ಸೈನ್ಯ ಸೇರಿ ಅರ್ಧ ಆಯಸ್ಸು ಕಳೆದಿದ್ದ. ಮೀಸೆಯಲ್ಲಿ ಬಿಳಿ ಕಾಣಿಸಿಕೊಂಡಿತ್ತು. ಮಾತು ಕಡಿಮೆ, ಬೂಟು ಸದಾ ಫಳಫಳ, ಕೆಲಸದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಹೊರದೇಶಕ್ಕೆ ಕಳಿಸಿದ್ದು ಮಾತ್ರ ಇದೇ ಮೊದಲು.

ಬಂದ ಹೊಸತರಲ್ಲಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ದೂರದಲ್ಲೆಲ್ಲೋ ಒಂದು ಸದ್ದಾದರೆ ಎದೆ ಬಿಗಿಯುತ್ತಿತ್ತು. ಆಕಾಶದಲ್ಲಿ ಕಾಣದ ಯಂತ್ರವೊಂದು ಜೇನಿನ ಹಾಗೆ ಗುಂಯ್‌ಗುಡುತ್ತಿದ್ದರೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಸಾರ್ಜಂಟ್ ಆದವನು ಅದನ್ನು ಹುಡುಗರೆದುರು ತೋರಿಸುವಂತಿರಲಿಲ್ಲ. ಹೆಂಡತಿ ಮಾವುನ್ಯೊ ಫೋನಿನಲ್ಲಿ "ಚೆನ್ನಾಗಿದೀರಾ?" ಎಂದರೆ "ಚಳಿ ಒಂದು ಬಿಟ್ರೆ ಸ್ವರ್ಗ" ಎನ್ನುತ್ತಿದ್ದ.

ಹಾಗಿರುವಾಗ ಒಂದು ಬೆಳಗಿನ ಪಾಳಿಯಲ್ಲಿ, ಕಣಿವೆಯಾಚೆ, ಈಗ ಟ್ರ್ಯಾಕ್ಟರ್ ಮೇಲೆ ಕೂತಿರುವ ಅಬು ಗಸ್ಸಾನನ ಮನೆಯ ಕೆಳಗಿನ ಸುಣ್ಣದ ಬಂಡೆಯ ಮೇಲೆ ಏನೋ ಅಲುಗಾಡಿದ್ದು ಕಂಡಿತು. ದುರ್ಬೀನು ಎತ್ತಿ ನೋಡಿದ. ಕೊಬ್ಬಿದ ಮೊಲದಂಥ ಪ್ರಾಣಿ. ಬಾಲವಿಲ್ಲ, ಕಿವಿ ಗಿಡ್ಡ, ಮೈಬಣ್ಣ ಥೇಟ್ ಬಂಡೆಯದೇ. ಒಂದಲ್ಲ, ಒಂದು ಸಂಸಾರವೇ ಇತ್ತು. ಬಿಸಿಲು ಬಿದ್ದ ಚಪ್ಪಡಿಯ ಮೇಲೆ ಒಂದರ ಮೇಲೊಂದು ಒರಗಿಕೊಂಡು, ಹಬ್ಬದ ಊಟ ಮುಗಿಸಿದ ನೆಂಟರ ಹಾಗೆ ಬಿದ್ದುಕೊಂಡಿದ್ದವು. ಒಂದು ಮುದಿ ಹೆಣ್ಣು ಮಾತ್ರ ಎಲ್ಲಕ್ಕಿಂತ ಎತ್ತರದ ಕಲ್ಲಿನ ಮೇಲೆ ಕುಳಿತು ಕತ್ತು ಆಡಿಸುತ್ತಿತ್ತು. ನೋಡನೋಡುತ್ತಿದ್ದಂತೆ ಗಿಡುಗದ ನೆರಳೊಂದು ಬಂಡೆಯ ಮೇಲೆ ಹಾಯಿತು. ಮುದಿ ಹೆಣ್ಣು ಚುರುಕಾಗಿ ಸಿಳ್ಳೆ ಹಾಕಿತು. ಮರುಕ್ಷಣ ಬಂಡೆ ಖಾಲಿ.

"ಅದು ತಬ್ಸೂನ್" ಎಂದ ಆಮೇಲೆ ದುಭಾಷಿ ನಿದಾಲ್, ಪಕ್ಕದೂರಿನವನು, ಹಿಂದೆ ಶಾಲೆಯಲ್ಲಿ ಮೇಷ್ಟರಾಗಿದ್ದವನು. "ಬಂಡೆ ಸಂದೀಲಿ ಇರ್ತವೆ. ರೈತರು ಬೈತಾರೆ. ಮಕ್ಕಳು ಕಲ್ಲು ಹೊಡೀತಾರೆ. ನೀವೊಬ್ರೇ ಅದರ ಹೆಸರು ಕೇಳಿದ್ದು."

ಅಂದಿನಿಂದ ಎಲಿಕೆಮ್ ಬೆಳಗಿನ ಪಾಳಿಯನ್ನು ತಾನೇ ಕೇಳಿ ಪಡೆಯತೊಡಗಿದ. ಗಡಿಯ ಬೇಲಿ, ದಾರಿ, ತೋಟ ಎಲ್ಲವನ್ನೂ ನೋಡಬೇಕಾದಷ್ಟು ನೋಡಿ, ಉಳಿದ ಹೊತ್ತು ದುರ್ಬೀನನ್ನು ಬಂಡೆಯ ಕಡೆ ತಿರುಗಿಸುತ್ತಿದ್ದ. ಆ ಮುದಿ ಕಾವಲುಗಾರ್ತಿ ನೆಮ್ಮದಿಯಾಗಿ ಕುಳಿತಿದ್ದರೆ ಅವನ ಎದೆಯೂ ಸಡಿಲವಾಗುತ್ತಿತ್ತು. ಯಂತ್ರದ ಗುಂಯ್‌ಗಾಟಕ್ಕೆ ಅದು ಕಿವಿ ಕೂಡ ಎತ್ತುತ್ತಿರಲಿಲ್ಲ. ಹೀಗೆ ಮೆಲ್ಲಗೆ ಅವನಿಗೂ ಅದು ರೂಢಿಯಾಯಿತು. ಊಟ ಸೇರತೊಡಗಿತು. ಏಪ್ರಿಲಿನ ಹೊತ್ತಿಗೆ ಮರಿಗಳೂ ಆದವು. ಮುಷ್ಟಿಯಷ್ಟು ಗಾತ್ರದ ಮೂರು ಮರಿಗಳು ತಾಯ ಬೆನ್ನು ಹತ್ತಿ ಜಾರಿ ಬೀಳುವುದನ್ನು ನೋಡಿ ಅವನು ಗೋಪುರದ ಮೇಲೆ ಒಬ್ಬನೇ ಗಟ್ಟಿಯಾಗಿ ನಕ್ಕದ್ದನ್ನು ಕೇಳಿ ಅಪ್ರಾಕು, "ಸಾರ್ಜ್‌ಗೆ ತಲೆ ಕೆಟ್ಟಿದೆ ಕಣ್ರೋ, ಇಲ್ಲಾ ಪ್ರೇಮ ಆಗಿದೆ" ಎಂದು ಶಿಬಿರವೆಲ್ಲ ಸಾರಿದ್ದ.

ಇನ್ನೊಂದು ಸಂಗತಿಯನ್ನೂ ಎಲಿಕೆಮ್ ನೋಡಿದ್ದ, ಯಾರಿಗೂ ಹೇಳಿರಲಿಲ್ಲ. ದಿನಾ ಬೆಳಗ್ಗೆ ಅಬು ಗಸ್ಸಾನನ ಮನೆಯ ಹಿಂದಿನ ಬಾಗಿಲಿನಿಂದ ಬಿಳಿ ಓಢಣಿಯ ಒಬ್ಬ ಅಜ್ಜಿ ಬರುತ್ತಿದ್ದಳು. ಆ ಕಡೆ ಈ ಕಡೆ ನೋಡಿ, ಬೋಗುಣಿಯಲ್ಲಿ ತಂದದ್ದನ್ನು ಬಂಡೆಯ ಅಂಚಿನಿಂದ ಕೆಳಕ್ಕೆ ಸುರಿಯುತ್ತಿದ್ದಳು. ಮೊದಮೊದಲು ಅದು ತರಕಾರಿ ಸಿಪ್ಪೆಯಾಗಿತ್ತು. ಈಚೆಗೆ ಸಿಪ್ಪೆಯಲ್ಲ, ನಮ್ಮ ಅವರೆಯಂಥ ಹಸಿ ಫೂಲ್ ಕಾಯಿ, ಗಿಡದಿಂದ ಆಗತಾನೇ ಕಿತ್ತದ್ದು.

ಠಾಣೆಯ ಮುಖ್ಯಸ್ಥೆ ಕ್ಯಾಪ್ಟನ್ ಅಯಾಮ್ಗಾ ಘಾನಾದ ಉತ್ತರದ ಬಯಲುಸೀಮೆಯವಳು. ಎಲಿಕೆಮ್‌ಗಿಂತ ವಯಸ್ಸಿನಲ್ಲಿ ಚಿಕ್ಕವಳಾದರೂ ಅವಳೆದುರು ನಿಂತರೆ ಅವನ ಬೆನ್ನು ತಾನಾಗೇ ನೆಟ್ಟಗಾಗುತ್ತಿತ್ತು. ಟ್ರ್ಯಾಕ್ಟರಿನವನ ದೂರು ತಲುಪಿದೊಡನೆ ಅವನನ್ನು ಕರೆಸಿದಳು.

"ಸಾರ್ಜಂಟ್, ಆ ಮನೆ ಕಡೆ ದುರ್ಬೀನು ಹಿಡಿದಿದ್ದು ನಿಜಾನಾ?"

"ಮನೆ ಕಡೆ ಅಲ್ಲ ಮೇಡಂ. ಮನೆ ಕೆಳಗಿನ ಬಂಡೆ ಕಡೆ."

"ಬಂಡೇಲಿ ಏನಿದೆ?"

"ತಬ್ಸೂನ್, ಮೇಡಂ. ಮರಿ ಹಾಕಿವೆ."

ಅವಳು ಪೆನ್ನು ಕೆಳಗಿಟ್ಟಳು. "ಹಳ್ಳಿಯವನು ಏನ್ ಹೇಳ್ತಿದಾನೆ ಗೊತ್ತಾ? ಮನೆ ಹೆಂಗಸರನ್ನ ನೋಡ್ತಾನೆ ಅಂತಾನೆ. ಅದಕ್ಕಿಂತ ಕೆಟ್ಟದ್ದು, ನೋಡಿ ಯಾರಿಗೋ ಸುದ್ದಿ ಮುಟ್ಟಿಸ್ತಾನೆ ಅಂತಾನೆ. ಎರಡರಲ್ಲಿ ಯಾವುದು ಅಂಟಿಕೊಂಡ್ರೂ ನೀನು ಮುಂದಿನ ವಿಮಾನದಲ್ಲಿ ಮನೆಗೆ. ಅಂಥ ಹೊತ್ತಲ್ಲಿ ನಾನು ಮೇಲಿನವರಿಗೆ ಬರೀಬೇಕಾ, ನಮ್ಮ ಸಾರ್ಜಂಟ್ ಮೊಲ ನೋಡ್ತಿದ್ದ ಅಂತ?"

"ಮೊಲ ಅಲ್ಲ ಮೇಡಂ" ಎಂದ ಎಲಿಕೆಮ್. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.

ಅಬು ಗಸ್ಸಾನ್ ಅರ್ಧ ದಿನಕ್ಕೆ ಬಗ್ಗಲಿಲ್ಲ. ಮರುದಿನವೂ ಟ್ರ್ಯಾಕ್ಟರ್ ಅಲ್ಲೇ ಇತ್ತು. ಕುಡಿಯುವ ನೀರಿಗೆ ಕೊರತೆಯಿರಲಿಲ್ಲ, ಬಾಟಲಿಗಳಿದ್ದವು. ಸ್ನಾನ ಮಾತ್ರ ನಿಂತಿತು. ಬಟ್ಟೆ ಒಗೆಯುವುದು ನಿಂತಿತು. ಶೌಚದ ಮುಂದೆ ನಿಂತ ಹುಡುಗರು ಎಲಿಕೆಮ್ ಬಂದೊಡನೆ ಮಾತು ನಿಲ್ಲಿಸುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎಲ್ಲಕ್ಕಿಂತ ಅವನನ್ನು ಕೊರೆದದ್ದು ಆ ಮಾತು: ಹೆಂಗಸರನ್ನು ನೋಡುತ್ತಾನೆ. ಈ ಮಾತು ಊರು ತಲುಪಿದರೆ, ಕೇಟಾದ ಮೀನು ಮಾರುಕಟ್ಟೆಯಲ್ಲಿ ಅವನ ತಾಯಿ ಬುಟ್ಟಿಯ ಹಿಂದೆ ಹೇಗೆ ಕೂರಬೇಕು?

ಕೊನೆಗೆ ಕ್ಯಾಪ್ಟನ್ ತಾನೇ ಹೊರಟಳು. ಎಲಿಕೆಮ್‌ನನ್ನೂ ನಿದಾಲ್‌ನನ್ನೂ ಕರೆದುಕೊಂಡು, ಗಾಡಿ ಬಿಟ್ಟು ನಡೆದೇ ಕಣಿವೆ ದಾಟಿ ಅಬು ಗಸ್ಸಾನನ ಮನೆಗೆ ಹೋದಳು.

ದ್ರಾಕ್ಷಿ ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಚಿಕ್ಕ ಬಟ್ಟಲುಗಳಲ್ಲಿ ಕಾಫಿ ಬಂತು. ಕ್ಯಾಪ್ಟನ್ ಬಟ್ಟಲನ್ನು ಮುಟ್ಟಲಿಲ್ಲ. ಕೆಲಸವಿಟ್ಟುಕೊಂಡು ಬಂದವರು ಮಾತು ಇತ್ಯರ್ಥವಾಗುವ ತನಕ ಕುಡಿಯುವಂತಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಬು ಗಸ್ಸಾನ್ ದಪ್ಪ ಕತ್ತಿನ, ಹೊಗೆಸೊಪ್ಪಿನ ಕರೆ ಹಿಡಿದ ಬೆರಳುಗಳ ಮನುಷ್ಯ. ಬಾಗಿಲ ಬಳಿಯ ಮಣೆಯ ಮೇಲೆ ಅವನ ತಾಯಿ, ಊರವರೆಲ್ಲ ಹಾಜ್ಜೆ ಫಿದ್ದಾ ಎಂದು ಕರೆಯುವ ಅಜ್ಜಿ, ಮೊರದಲ್ಲಿ ಮಸೂರ ಬೇಳೆ ಆರಿಸುತ್ತ ಕೂತಿದ್ದಳು. ಬಿಳಿ ಓಢಣಿ. ಎಲಿಕೆಮ್ ಕಂಡೊಡನೆ ಗುರುತು ಹಿಡಿದು ಕಣ್ಣು ತಗ್ಗಿಸಿದ.

"ಇವನೇ! ಇವನೇ ಆ ಉದ್ದನೆ ಕೊಕ್ಕರೆ!" ಅಬು ಗಸ್ಸಾನ್ ಕೂತಲ್ಲಿಂದ ಎದ್ದೇಬಿಟ್ಟ. "ಬೆಳಗಾಯ್ತು ಅಂದ್ರೆ ಕಣ್ಣಿಗೆ ಕೊಳವೆ ಹಚ್ಕೊಂಡು ನನ್ ಮನೆ ಮೇಲೇ ನೋಡ್ತಾನೆ. ಸೊಸೇರು ಬಟ್ಟೆ ಒಣಗಹಾಕೋಕೂ ಹೊರಗ್ ಬರಲ್ಲ ಅಂತಾರೆ. ಇವನ ಕಣ್ಣು ಇಂಗಿಹೋಗ! ಯಾರಿಗೆ ವರದಿ ಒಪ್ಪಿಸ್ತಾನೆ ಕೇಳು ಇವನನ್ನ! ಎಷ್ಟು ತಗೋತಾನೆ ಕೇಳು!"

ನಿದಾಲ್ ಗಂಟಲು ಸರಿಮಾಡಿಕೊಂಡ. "ಮನೆಯವರಿಗೆ ಸ್ವಲ್ಪ ಸಂಕೋಚ ಆಗ್ತಿದೆ ಅಂತಾರೆ, ಮೇಡಂ."

"ಅಷ್ಟುದ್ದ ಕೂಗಿದ್ದು ಇಷ್ಟೇನಾ ನಿದಾಲ್?"

"ಸಾರಾಂಶ, ಮೇಡಂ."

ಎಲಿಕೆಮ್‌ಗೆ ಸಾರಾಂಶ ಬೇಕಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ಕ್ಯಾಪ್ಟನ್ನಿನ ಒಪ್ಪಿಗೆ ಕೇಳಿ ತಾನೇ ಮಾತಾಡಿದ. "ಯಜಮಾನ್ರೇ, ನಿಮ್ಮ ಮನೆ ನನಗೆ ಬೇಕಾಗಿಲ್ಲ. ಕೆಳಗೆ ಬಂಡೇಲಿ ತಬ್ಸೂನ್ ಇವೆ. ನಾನು ಅವನ್ನ ನೋಡ್ತೀನಿ. ನೋಡಿದ್ರೆ ಮನಸ್ಸಿಗೆ ಹಿತ ಆಗುತ್ತೆ. ಅಷ್ಟೇ."

ಅಬು ಗಸ್ಸಾನ್ ನಗಲಿಲ್ಲ. ಕಣ್ಣು ಕಿರಿದಾದವು. "ತಬ್ಸೂನ್? ನನ್ ಬಂಡೇಲಾ? ಹಾಗಾದ್ರೆ ನನ್ ಫೂಲ್ ಗಿಡ ಬೋಳಿಸ್ತಿರೋದು ಆ ಪಿಶಾಚಿಗಳೇ! ದಿನಾ ಸಾಲು ಸಾಲೇ ಖಾಲಿ. ಯಾವ ಸಂದೀಲಿವೆ ತೋರ್ಸು. ನಾಳೆನೇ ವಿಷ ಇಡ್ತೀನಿ."

ನಿದಾಲ್ ಇದನ್ನು ಮೆದುಮಾಡದೆ ಹೇಳಿದ.

 ಫೂಲ್ ಕಾಯಿ ಎಲ್ಲಿಗೆ ಹೋಗುತ್ತಿದೆಯೆಂದು ಎಲಿಕೆಮ್‌ಗೆ ಗೊತ್ತಿತ್ತು. ಒಂದು ಮಾತು ಆಡಿದರೆ ಸಾಕು: ನಿಮ್ಮ ತಾಯಿಯನ್ನೇ ಕೇಳಿ. ತಾನು ಏನು ನೋಡುತ್ತಿದ್ದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಅವನು ತಲೆಯೆತ್ತಿದ. ಹಾಜ್ಜೆಯ ಬೆರಳು ಬೇಳೆಯ ಮೇಲೆ ನಿಂತುಹೋಗಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. ದಿನಾ ನೋಡುವವನಿಗೆ ತನ್ನ ಬೋಗುಣಿಯೂ ಕಂಡೇ ಇರುತ್ತದೆ ಎಂದು ಅವಳಿಗೆ ಆ ಕ್ಷಣ ಹೊಳೆದಿರಬೇಕು. ವಯಸ್ಸಾದ ಹೆಣ್ಣುಮಗಳನ್ನು ಅವಳದೇ ಅಂಗಳದಲ್ಲಿ, ಮಗನೆದುರು, ಪರದೇಶದ ಹೆಣ್ಣೊಬ್ಬಳೆದುರು ಕಳ್ಳಿ ಮಾಡುವುದೇ? ಎಲಿಕೆಮ್ ಬಾಯಿ ಮುಚ್ಚಿಕೊಂಡ.

"ಏನ್ ಸುಮ್ಮನಾದೆ? ಸುಳ್ಳು ಸಾಲದೇ ಬಂತಾ?" ಎಂದ ಅಬು ಗಸ್ಸಾನ್.

ಕ್ಯಾಪ್ಟನ್ ಎದ್ದು ನಿಂತಳು. "ನೀವೇ ಬಂದು ನೋಡಿ. ನಾಳೆ ಬೆಳಗ್ಗೆ, ನಮ್ಮ ಗೇಟಿನ ಹೊರಗೆ ಗೋಪುರದಷ್ಟೇ ಎತ್ತರ ಇರೋ ದಿಬ್ಬದ ಮೇಲೆ, ಇದೇ ದುರ್ಬೀನಲ್ಲಿ. ನಿಮ್ಮ ಅಂಗಳ ಕಂಡ್ರೆ ಇವನನ್ನ ನಾನೇ ಮನೆಗೆ ಕಳಿಸ್ತೀನಿ."

ಕಾಫಿ ಬಟ್ಟಲಲ್ಲೇ ಆರಿತು.

ಬೆಳಗಾದಾಗ ಮೋಡ ಕವಿದಿತ್ತು. ಎಲಿಕೆಮ್ ಆಕಾಶ ನೋಡಿ ಕೈಚೆಲ್ಲಿದ. ಬಿಸಿಲಿಲ್ಲದ ದಿನ ತಬ್ಸೂನ್‌ಗಳು ಸಂದಿನಿಂದ ಮೂಗೂ ಹೊರಗೆ ಹಾಕುವುದಿಲ್ಲ. ಬಾರದಿದ್ದರೆ ತಾನು ಸುಳ್ಳುಗಾರ. ಬಂದರೆ ಅವಕ್ಕೆ ವಿಷ. ಅಜ್ಜಿ ಬೋಗುಣಿ ಹಿಡಿದು ಬಂದರೆ ಅವಳ ಮಾನ ಹೋಗುತ್ತದೆ. ಯಾವುದನ್ನು ಬೇಡಿಕೊಳ್ಳಬೇಕೆಂದೇ ಅವನಿಗೆ ತಿಳಿಯಲಿಲ್ಲ.

ಅಬು ಗಸ್ಸಾನ್ ಹೇಳಿದ ಹೊತ್ತಿಗೆ ಬಂದು ದಿಬ್ಬ ಹತ್ತಿದ. ಅಪ್ರಾಕು ಕೇಳದಿದ್ದರೂ ಎಲ್ಲರಿಗೂ ಚಹಾ ತಂದ. ದುರ್ಬೀನು ಕೈಗೆ ಬಂದೊಡನೆ ಅಬು ಗಸ್ಸಾನ್ ಅದನ್ನು ಕಣ್ಣಿಗೊತ್ತಿ ಸಿಡುಕಿದ.

"ಇದೇನಿದು, ನನ್ ಮನೆ ದಮಾಸ್ಕಸ್‌ಗೆ ಹೋಗಿ ಕೂತಿದೆ!"

"ಅವರು ತಿರುಗುಮುರುಗು ಹಿಡಿದಿದಾರೆ" ಎಂದ ನಿದಾಲ್ ಮೆಲ್ಲಗೆ.

ತಿರುಗಿಸಿ ಕೊಟ್ಟರು. ಅವನು ಬಹಳ ಹೊತ್ತು ತನ್ನ ಮನೆಯನ್ನು ಹುಡುಕಿದ. ಹಿಂಬದಿಯ ಗೋಡೆ, ಅಂಜೂರದ ಮರ, ನೀರಿನ ತೊಟ್ಟಿ ಕಂಡವು. ಬಟ್ಟೆ ಒಣಗಿಸುವ ಹಗ್ಗ, ಮುಂದಿನ ಅಂಗಳ, ಕಿಟಕಿ ಯಾವುದೂ ಕಾಣಲಿಲ್ಲ. ದುರ್ಬೀನು ಇಳಿಸಿ, ಬರಿಗಣ್ಣಲ್ಲಿ ನೋಡಿ, ಮತ್ತೆ ಏರಿಸಿದ. "ಸೊಸೇರು ಕಾಣಲ್ಲ. ಅದೇನೋ ಸರಿ" ಎಂದು ಗೊಣಗಿದ. "ಆದ್ರೆ ತಬ್ಸೂನೂ ಕಾಣಲ್ಲ. ಎಲ್ಲಿ?"

"ಬಿಸಿಲು ಬರಬೇಕು."

"ಬಿಸಿಲು ಬರಬೇಕಂತೆ! ನನಗೆ ಸಸಿ ನೆಡೋದಿದೆ."

ಹಾಗೆಂದರೂ ಅವನು ಹೋಗಲಿಲ್ಲ. ಚಹಾ ಮುಗಿದು ಇನ್ನೊಂದು ಸುತ್ತು ಬಂತು. ಮೋಡ ಎಲ್ಲೋ ಒಂದು ಕಡೆ ಹರಿಯಿತು. ಕಣಿವೆಯ ತಳದಿಂದ ಬಿಸಿಲು ಬಂಡೆಯ ಮೇಲಕ್ಕೆ ಏರಿತು. ಎಲಿಕೆಮ್‌ಗೆ ದುರ್ಬೀನೇ ಬೇಕಾಗಲಿಲ್ಲ; ಎತ್ತರದ ಕಲ್ಲಿನ ಮೇಲೆ ಸಣ್ಣ ಗುಬುಟೊಂದು ಮೂಡಿದ್ದು ಅವನಿಗೆ ತಿಳಿಯಿತು.

"ಮೇಲಿನ ಕಲ್ಲು ನೋಡಿ. ಅದು ಕಾವಲಿನ ಅಜ್ಜಿ."

ಅಬು ಗಸ್ಸಾನ್ ದುರ್ಬೀನನ್ನು ಮೇಲಿನ ಕಲ್ಲಿಗೆ ತಿರುಗಿಸಿದ. ಒಂದೊಂದಾಗಿ ಎಲ್ಲವೂ ಹೊರಬಂದವು. ಆಮೇಲೆ ಮರಿಗಳು. ಒಂದು ಮರಿ ತಾಯ ಬೆನ್ನೇರಿ, ಕುಂಡಿ ಜಾರಿ, ಪಕ್ಕದ್ದರ ಮೂಗಿನ ಮೇಲೆ ಬಿತ್ತು. ಅಬು ಗಸ್ಸಾನನ ಹೊಟ್ಟೆ ಒಮ್ಮೆ ಕುಲುಕಿತು. ನಗು ಹೊರಗೆ ಬಾರದಂತೆ ಅವನು ಕೆಮ್ಮಿದ. "ದರಿದ್ರದವು" ಎಂದ. ಆದರೆ ದುರ್ಬೀನು ಕೊಡಲಿಲ್ಲ.

ಆಗ ಹಿಂದಿನ ಬಾಗಿಲು ತೆರೆಯಿತು.

ಬಿಳಿ ಓಢಣಿ ದಿಬ್ಬದಿಂದಲೂ ಕಾಣುತ್ತಿತ್ತು. ಬೇಡ, ಇವತ್ತೊಂದು ದಿನ ಬೇಡ ಎಂದು ಎಲಿಕೆಮ್ ಮನಸ್ಸಿನಲ್ಲೇ ಕೂಗಿಕೊಂಡ. ಹಾಜ್ಜೆ ಫಿದ್ದಾ ಆ ಕಡೆ ಈ ಕಡೆ ನೋಡಲಿಲ್ಲ. ನೆಟ್ಟಗೆ ಬಂಡೆಯಂಚಿಗೆ ನಡೆದಳು. ಬೋಗುಣಿ ಬಗ್ಗಿಸಿ ಹಸಿರು ಕಾಯಿಗಳನ್ನು ಸುರಿದಳು. ತಬ್ಸೂನ್‌ಗಳು ಹೆದರಿ ಓಡಲಿಲ್ಲ, ಮನೆಕೋಳಿಗಳ ಹಾಗೆ ಮುತ್ತಿಕೊಂಡವು. ಅವಳು ಸೊಂಟ ನೆಟ್ಟಗೆ ಮಾಡಿ, ಹಣೆಗೆ ಕೈ ಅಡ್ಡ ಹಿಡಿದು, ಕಣಿವೆಯಾಚೆ ದಿಬ್ಬದ ಮೇಲಿದ್ದವರನ್ನೇ ನೋಡಿದಳು. ನೋಡಿ, ಖಾಲಿ ಬೋಗುಣಿಯನ್ನು ಎತ್ತಿ ಅವರ ಕಡೆ ಆಡಿಸಿದಳು.

 ಅಬು ಗಸ್ಸಾನನ ಕತ್ತು ಕೆಂಪಾಯಿತು.

"ಯಮ್ಮಾ!" ಕಣಿವೆ ಮಾರ್ದನಿಗೊಡುವಂತೆ ಅವನು ಕೂಗಿದ. "ಯಮ್ಮಾ, ನಾನ್ ನೋಡ್ತಿದೀನಿ!"

ಆ ಕಡೆಯಿಂದ ತೆಳುವಾಗಿ ಉತ್ತರ ಬಂತು. ನಿದಾಲ್ ಮುಖ ತಿರುಗಿಸಿಕೊಂಡು ನಗು ತಡೆಯುತ್ತಿದ್ದ. "'ನೋಡ್ಲಿ ಅಂತಾನೇ ಬಂದಿದೀನಿ, ಕತ್ತೆ' ಅಂದ್ರು" ಎಂದ.

ಅಬು ಗಸ್ಸಾನ್ ಕುಳಿತೇಬಿಟ್ಟ. ಮೊದಲು ಹೆಗಲು ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಮುಳ್ಳುಹಂದಿ ಅಂದೆ. ಪಕ್ಕದ ಮನೆ ಮೇಕೆ ಅಂದೆ. ಮೇಕೆಯವನ ಹತ್ರ ಮಾತು ಬಿಟ್ಟು ಒಂದು ತಿಂಗಳಾಯ್ತು. ಕಳ್ಳಿ ನನ್ ಒಲೆ ಮುಂದೇನೇ ಕೂತಿದಾಳೆ!" ಕಣ್ಣೊರೆಸಿಕೊಂಡು ಎಲಿಕೆಮ್‌ನ ಕಡೆ ತಿರುಗಿದ. "ನಿನಗೆ ಗೊತ್ತಿತ್ತು ತಾನೆ?"

"ಗೊತ್ತಿತ್ತು."

"ನಿನ್ನೆ ಬಾಯಿಬಿಟ್ಟಿದ್ರೆ ನಿನ್ನೆನೇ ಮುಗೀತಿತ್ತಲ್ಲೋ."

"ನನಗೂ ತಾಯಿ ಇದಾಳೆ, ಅಬು ಗಸ್ಸಾನ್."

ನಿದಾಲ್ ಇದನ್ನು ಒಂದಕ್ಷರ ಕೂಡಿಸದೆ, ಕಳೆಯದೆ ಹೇಳಿದ. ಅಬು ಗಸ್ಸಾನ್ ಎದ್ದು ಎಲಿಕೆಮ್‌ನ ಎರಡೂ ತೋಳು ಹಿಡಿದು ನಿಂತ.   

ಆಮೇಲೆ ಎಲ್ಲರೂ ಮತ್ತೆ ಕಣಿವೆ ದಾಟಿ ಹೋದರು. ಈ ಸಲ ಕ್ಯಾಪ್ಟನ್ ಬಿಸಿ ಕಾಫಿ ಕುಡಿದಳು, ಇನ್ನೊಂದು ಬಟ್ಟಲು ಕೇಳಿ ಕುಡಿದಳು. ಎಲಿಕೆಮ್‌ನ ಮುಂದೆ ಬೆಣ್ಣೆ ಸವರಿದ ರೊಟ್ಟಿ, ಮೊಸರುಗಟ್ಟಿ, ಆಲಿವ್ ಕಾಯಿ ತಂದಿಟ್ಟರು. ಸೊಸೆಯಂದಿರು ಬಾಗಿಲ ಸಂದಿಯಿಂದ ಅವನನ್ನು ನೋಡಿ ಕಿಸಕ್ಕನೆ ನಕ್ಕರು. ಮಗ ಗದರಿಸುವ ಮುಂಚೆಯೇ ಹಾಜ್ಜೆ ಮಾತು ತೆಗೆದಳು.

"ಬೈಯೋದಿದ್ರೆ ಬೈಕೋ. ಆ ವರ್ಷ ಯುದ್ಧ ಅಂತ ಊರಿಗೂರೇ ಖಾಲಿ ಮಾಡ್ಕೊಂಡು ಹೋದ್ವಲ್ಲ, ವಾಪಸ್ ಬಂದಾಗ ಏನಿತ್ತು ಇಲ್ಲಿ? ಸೂರಿರಲಿಲ್ಲ, ಕೋಳಿ ಇರಲಿಲ್ಲ, ಬೆಕ್ಕೂ ಇರಲಿಲ್ಲ. ನೀನು ಕಲ್ಲು ಗುಡ್ಡೆ ನೋಡಿ ಮುಖ ಮುಚ್ಕೊಂಡು ಕೂತೆ. ನಾನು ಹಿತ್ತಲಿಗೆ ಹೋದ್ರೆ ಇವು ಬಿಸಿಲು ಕಾಯಿಸ್ತಾ ಇದ್ವು. ಸದ್ಯ, ಜೀವ ಅಂತ ಒಂದು ಉಳ್ಕೊಂಡಿದೆಯಲ್ಲಪ್ಪಾ ಅಂತ ನನ್ನ ಎದೆ ತಣ್ಣಗಾಯ್ತು. ಅವಕ್ಕೆ ನಾಕು ಕಾಯಿ ಹಾಕಿದ್ರೆ ನಿನ್ ಗಂಟೇನ್ ಹೋಯ್ತು?"

"ನಾಕು ಕಾಯಾ ಯಮ್ಮಾ? ಒಂದು ಸಾಲು!"

"ಸಾಲು ಅಂದ್ರೆ ಸಾಲು. ಮುಂದಿನ ವರ್ಷ ಇನ್ನೊಂದು ಸಾಲು ಜಾಸ್ತಿ ಹಾಕು."

ವಿಷದ ಮಾತು ಮತ್ತೆ ಏಳಲಿಲ್ಲ. ಅಬು ಗಸ್ಸಾನ್ ಎಲಿಕೆಮ್‌ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ನೋಡ್ಕೋ, ಎಷ್ಟು ಬೇಕಾದ್ರೂ ನೋಡ್ಕೋ" ಎಂದ. "ಗಿಡುಗ ಬಂದ್ರೆ ಮಾತ್ರ ಮೇಲಿಂದ ಒಂದು ಕೂಗು ಹಾಕು, ಅವಕ್ಕೇನಾದ್ರೂ ಆದ್ರೆ ನಮ್ಮ ಮುದುಕಿ ನಿದ್ದೆ ಮಾಡಲ್ಲ." ಹಾಜ್ಜೆ ಎಲಿಕೆಮ್‌ನ ಹತ್ತಿರ ಬಂದು, ಅವನ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಂಡಿ, ಏನೋ ಹೇಳಿ ಹೋದಳು. ಅರ್ಥ ಕೇಳಲು ಅವನು ನಿದಾಲ್‌ನ ಕಡೆ ನೋಡಲಿಲ್ಲ.

ಶಿಬಿರಕ್ಕೆ ಮರಳುವ ದಾರಿಯಲ್ಲಿ ಕ್ಯಾಪ್ಟನ್ ಅಯಾಮ್ಗಾ ಮುಂದೆ ನಡೆದಳು. ಏರು ಮುಗಿಯುವಲ್ಲಿ ನಿಂತು ಹಿಂದೆ ನೋಡಿದಳು.

"ಸಾರ್ಜಂಟ್."

"ಮೇಡಂ."

"ನಾಳೆ ಬೆಳಗಿನ ಪಾಳೀಲಿ ನಾನೂ ಮೇಲೆ ಬರ್ತೀನಿ. ಆ ಮರಿ ಬಿದ್ದಿದ್ದು ನನಗೆ ಸರಿಯಾಗಿ ಕಾಣಲಿಲ್ಲ. ಅವನು ದುರ್ಬೀನೇ ಬಿಡಲಿಲ್ಲ ನೋಡು."

ಮಧ್ಯಾಹ್ನದ ಹೊತ್ತಿಗೆ ಟ್ಯಾಂಕರು ಏದುಸಿರು ಬಿಡುತ್ತ ಬೆಟ್ಟ ಹತ್ತಿತು. ಹುಡುಗರು ಬಕೆಟ್ಟು ಹಿಡಿದು ಕೇಕೆ ಹಾಕುತ್ತ ಓಡಿದರು. ಒಬ್ಬರ ಮೇಲೊಬ್ಬರು ಎರಚಾಡಿದರು. ಅಪ್ರಾಕು ಮೈತುಂಬ ಸೋಪಿನ ನೊರೆ ಮಾಡಿಕೊಂಡು, ನಿದ್ದೆಗೆ ಹೊರಟ ಎಲಿಕೆಮ್‌ನನ್ನು ತಡೆದ.

"ಸಾರ್ಜ್, ಒಂದ್ ಮಾತು. ಆ ತಬ್ಸೂನ್ ಸಾರಿಗೆ ಹೆಂಗಿರುತ್ತೆ ಅಂತೀರಾ?"

ಎಲಿಕೆಮ್ ಅವನ ಕೈಯಿಂದ ಬಕೆಟ್ಟು ಕಿತ್ತುಕೊಂಡು ತಣ್ಣೀರನ್ನು ಪೂರ್ತಿ ಅವನ ತಲೆಯ ಮೇಲೆ ಸುರಿದ. ಅಪ್ರಾಕು ಅರಚಿದ ರಭಸಕ್ಕೆ ಇಡೀ ಶಿಬಿರ ನಕ್ಕಿತು. ಸಾರ್ಜಂಟ್ ಹಾಗೆ ಹುಡುಗಾಟ ಮಾಡಿದ್ದನ್ನು ಅವರು ಯಾರೂ ಕಂಡಿರಲಿಲ್ಲ.

ಎಲಿಕೆಮ್ ತಾನೂ ಸ್ನಾನ ಮಾಡಿ, ಒಗೆದ ಬನಿಯನ್ ಹಾಕಿಕೊಂಡು ಮಾವುನ್ಯೊಗೆ ಫೋನು ಮಾಡಿದ. ಅವಳು ಎಂದಿನಂತೆ "ಚೆನ್ನಾಗಿದೀರಾ?" ಎಂದಳು. ಈ ಸಲ ಅವನು ನಿದ್ದೆ ಬಾರದ ಆ ದಿನಗಳಿಂದಲೇ ಹಿಡಿದು ಎಲ್ಲವನ್ನೂ ಹೇಳಿದ. ಅವಳು ನಡುನಡುವೆ "ಅಯ್ಯೋ" ಎಂದಳು, ಕೊನೆಗೆ ಬಿದ್ದುಬಿದ್ದು ನಕ್ಕಳು, ಅತ್ತೆಗೂ ಹೇಳುತ್ತೇನೆ ಎಂದು ಫೋನು ಇಟ್ಟಳು. ಅವನು ಮಂಚದ ಮೇಲೆ ಮೈಚಾಚಿದ. ಆಕಾಶದಲ್ಲಿ ಯಂತ್ರ ಗುಂಯ್‌ಗುಡುತ್ತಿತ್ತು. ಕೇಳುತ್ತ ಕೇಳುತ್ತಲೇ ನಿದ್ದೆಹೋದ. ಸಂಜೆ ಊಟಕ್ಕೆ ಎಬ್ಬಿಸಲು ಬಂದ ಹುಡುಗರು, ಅವನು ಬಾಯಿ ತೆರೆದು ಗೊರಕೆ ಹೊಡೆಯುವುದನ್ನು ನೋಡಿ, ಅವನ ಪಾಲಿನ ಬಾಂಕುವನ್ನು ಮುಚ್ಚಿಟ್ಟು ಸದ್ದಿಲ್ಲದೆ ಹೊರಗೆ ಹೋದರು.